ಬಡವರ ಪೆಬಲ್ ಬೀಚಿನಲ್ಲಿ ಅಪ್ಪ

ನಮ್ಮ ಮನೆಯೊಳಗೆ ಮೂರು ತಾಲ್ಲೂಕುಗಳಿವೆ. ಅಪ್ಪ ಮಳವಳ್ಳಿ ಕಡೆಯವನು, ಅವ್ವ ಮದ್ದೂರಿನವಳು, ಹೆಂಡತಿ ಮಂಡ್ಯ ಪೇಟೆಯವಳು. ನನ್ನನ್ನು ಮಾತ್ರ ಮೂವರೂ ಸೇರಿ ಫ್ರೀಮಾಂಟ್ ತಾಲ್ಲೂಕಿಗೆ ಸೇರಿಸಿದ್ದಾರೆ.

ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಅಪ್ಪನಿಗೆ ಉಳಿದದ್ದು ಎರಡೇ ಕೆಲಸ. ಬೆಳಿಗ್ಗೆ ಎದ್ದು ಫೋನಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡುವುದು. ಆಮೇಲೆ ಊರಿಗೆ ಫೋನು ಮಾಡಿ ಅದನ್ನು ಊರಿನವರಿಗೇ ಹೇಳುವುದು. ಕಟ್ಟೆ ತುಂಬುವುದು 124.80 ಅಡಿಗೆ. ನಮ್ಮ ಜಿಲ್ಲೆಯ ಮಕ್ಕಳು ಮಗ್ಗಿಗಿಂತ ಮುಂಚೆ ಕಲಿಯುವ ಅಂಕಿ ಅದು. ನನ್ನ ಸಂಬಳ ಎಷ್ಟೆಂದು ಅಪ್ಪ ಒಮ್ಮೆಯೂ ಕೇಳಿದವನಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಮಾತ್ರ ದಿನಾ ಹೇಳುತ್ತಿದ್ದ.

ಗಾಲ್ಫ್ ಕಲಿತರೆ ಬಡ್ತಿ ಸಿಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಕಲಿತೆ. ಬಡ್ತಿ ಬರಲಿಲ್ಲ, ಸೊಂಟನೋವು ಬಂತು. ಆದರೂ ಕೊಂಡ ಕೋಲುಗಳ ಮುಖ ನೋಡಿ ಬಿಡಲಾಗಲಿಲ್ಲ. ಜುಲೈ ತಿಂಗಳ ಒಂದು ಶನಿವಾರ ಹೆಂಡತಿ, "ರೀ, ಮಾವನ್ನೂ ಕರ್ಕೊಂಡು ಹೋಗಿ. ಎಷ್ಟೂಂತ ಫೋನು ನೋಡ್ತಾರೆ" ಎಂದಳು. ಎರಡು ಗಂಟೆ ದಾರಿ, ಮಾಂಟೆರೆ ಕಡಲತೀರ. ಅವಳಿಗೂ ಅವ್ವನಿಗೂ ಸಮುದ್ರ, ನಮಗೆ ಹದಿನೆಂಟು ಗುಂಡಿ.

ಅಲ್ಲಿ ಲೋಕವಿಖ್ಯಾತ ಪೆಬಲ್ ಬೀಚ್ ಇದೆ. 1919ರಲ್ಲಿ ತೆರೆದದ್ದು. 2000ದ ಯು.ಎಸ್. ಓಪನ್ನಿನಲ್ಲಿ ಟೈಗರ್ ವುಡ್ಸ್ ಉಳಿದವರನ್ನು 15 ಏಟು ಹಿಂದಿಟ್ಟು ಗೆದ್ದದ್ದು ಅಲ್ಲೇ. ಒಂದು ಸುತ್ತಿಗೆ 600 ಡಾಲರಿಗೂ ಮೇಲೆ. ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿದರೆ ಅಲ್ಲೇ ವಾಪಸ್ಸು ಟಿಕೆಟ್ ಕೇಳುತ್ತಾನೆಂದು, ಪಕ್ಕದ ಪೆಸಿಫಿಕ್ ಗ್ರೋವ್ ಊರಿನ ಮುನಿಸಿಪಾಲಿಟಿ ಮೈದಾನಕ್ಕೆ ಹೋದೆ. ಆಟಗಾರರು ಅದನ್ನು 'ಬಡವರ ಪೆಬಲ್ ಬೀಚ್' ಎನ್ನುತ್ತಾರೆ. ಮೊದಲ ಒಂಬತ್ತು ಗುಂಡಿ 1932ರವು, ಮರಗಳ ನಡುವೆ. ಕಡಲ ಬದಿಯ ಕೊನೆಯ ಒಂಬತ್ತನ್ನು 1960ರಲ್ಲಿ ರೂಪಿಸಿದವರು ಜ್ಯಾಕ್ ನೆವಿಲ್, ಪೆಬಲ್ ಬೀಚ್ ಮಾಡಿದ ಇಬ್ಬರಲ್ಲಿ ಒಬ್ಬರು. ಅರಮನೆಗೆ ಅಡುಗೆ ಮಾಡಿದ ಕೈ ಛತ್ರದಲ್ಲೂ ಬಡಿಸಿದಂತೆ.

ಕೋಲಿನ ಚೀಲವನ್ನು ಗಾಲಿಬಂಡಿಗೆ ಕಟ್ಟಿ ಅಪ್ಪನ ಕೈಗೆ ಕೊಟ್ಟೆ. "ಹೆತ್ತಪ್ಪನ ಕೈಲಿ ಹೊರಿಸ್ತೀಯೇನ್ಲಾ?" ಎಂದ. ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ 2016ರ ರಿಯೋ ಒಲಿಂಪಿಕ್ಸಿನಲ್ಲಿ ಅವರಪ್ಪ, ಟೋಕಿಯೋದಲ್ಲಿ ಅವರಮ್ಮ ಚೀಲ ಹೊತ್ತಿದ್ದನ್ನೂ, ಟೋಕಿಯೋದಲ್ಲಿ ಆ ಹುಡುಗಿ ನಾಲ್ಕನೇ ಸ್ಥಾನ ಪಡೆದದ್ದನ್ನೂ ವಿವರಿಸಿದೆ. "ಆ ಮಗೀಗೆ ಆಡೋಕೆ ಬತ್ತಿತ್ತು" ಎಂದು ಅಪ್ಪ ಬಂಡಿ ತಳ್ಳಿದ.

ಒಂದನೇ ಗುಂಡಿ. ಮೂರು ಏಟಿಗೆ ಮುಗಿಯಬೇಕಾದದ್ದು. ಈ ಮೈದಾನದಲ್ಲಿ ಮೊದಲೆರಡೂ ಮೂರರ ಗುಂಡಿಗಳೇ. ನನಗೆ ಏಳು ಬೇಕಾಯಿತು. ನಮ್ಮ ಜೊತೆಗೆ ಜೋಡಿಸಿದ್ದ ನಿವೃತ್ತ ಅಮೆರಿಕನ್ ಮೇಷ್ಟ್ರ ಮೊದಲ ಏಟು ಪಕ್ಕಕ್ಕೆ ಹಾರಿದ್ದೇ "ಫೋರ್!" ಎಂದು ಕೂಗಿದರು. "ಬೌಂಡ್ರಿ ಎಲ್ಲೈತೆ?" ಎಂದು ಅಪ್ಪ ಸುತ್ತ ನೋಡಿದ. ಇದು ಎಚ್ಚರಿಕೆಯ ಕೂಗು, ತಲೆ ಬಗ್ಗಿಸಿಕೊಳ್ಳಬೇಕು ಎಂದೆ. ಅಂದಿನಿಂದ ಮನೆಯಲ್ಲಿ ನಾನು ಹೆಂಡತಿಗೆ ಏನಾದರೂ ಎದುರಾಡಹೊರಟರೆ ಅಪ್ಪ ಮೆಲ್ಲಗೆ "ಫೋರ್" ಅನ್ನುತ್ತಾನೆ.

ಗುಂಡಿಯ ಮೇಲಿದ್ದ ಬಾವುಟವನ್ನು ಮೇಷ್ಟ್ರು ಕಿತ್ತು ನೆಲಕ್ಕೆ ಹಾಕಿದ್ದು ಅಪ್ಪನಿಗೆ ಸರಿಕಾಣಲಿಲ್ಲ. "ನಮ್ಮ ಶಿವಪುರದಾಗೆ ಒಂದು ಬಾವುಟ ಹಾರ್ಸೋಕೆ ಜನ ಜೈಲಿಗೋದ್ರು. ಇವ್ರು ಹದಿನೆಂಟು ಮಡಗವ್ರೆ, ಒಂದ್ಕೂ ಮರ್ವಾದೆ ಇಲ್ಲ" ಎಂದು ಅದನ್ನು ಎತ್ತಿ ನೆಟ್ಟಗೆ ಹಿಡಿದು ನಿಂತ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ವಿಷಯ ಮೇಷ್ಟ್ರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಅವರೂ ಬಾವುಟ ನೆಲಕ್ಕೆ ಹಾಕಲಿಲ್ಲ. ಪ್ರತಿ ಗುಂಡಿಯಲ್ಲೂ ತಂದು ಅಪ್ಪನ ಕೈಗೇ ಕೊಟ್ಟರು.

ಎರಡನೇ ಗುಂಡಿ. ನಾನು ಬೀಸಿದ ಕೋಲಿಗೆ ಚೆಂಡು ಮೊಳದಷ್ಟು ಹೋಯಿತು, ಹುಲ್ಲಿನ ಹೆಂಟೆ ಎರಡು ಮಾರು ಹೋಯಿತು. ಅಪ್ಪ ಹೆಂಟೆಯನ್ನು ಹೆಕ್ಕಿ ತಂದು, ಬೇರು ಕೆಳಗೆ ಮಾಡಿ ಇಟ್ಟು, ಹಿಮ್ಮಡಿಯಲ್ಲಿ ಅದುಮಿದ. ಗಾಲ್ಫಿನ ಶಿಷ್ಟಾಚಾರವೂ ಅದೇ, ಯಾರೂ ಹೇಳಿಕೊಟ್ಟಿರಲಿಲ್ಲ. "ಚೆಂಡು ಹೊಡಿಯೋದೊಂದು ಬುಟ್ಟು ಉಳಿದ ಗೇಯ್ಮೆ ಎಲ್ಲಾ ಬತ್ತದೆ ಕಣ್ಲಾ ನಿಂಗೆ. ಇಡೀ ಗದ್ದೆ ಉತ್ತಾಕ್ದೆ" ಎಂದ.

ಮೂರು, ನಾಲ್ಕು. ಹುಲ್ಲು ನೋಡಿ ಅಪ್ಪನಿಗೆ ಸಂಕಟ ಶುರುವಾಯಿತು. "ಇಷ್ಟು ಮೇವು! ಒಂದು ಕುರಿ ಇಲ್ವಲ್ಲೋ." ಅಪ್ಪನ ಮನಸ್ಸಿನಲ್ಲಿದ್ದದ್ದು ಬಂಡೂರು ಕುರಿ. ಪುಸ್ತಕದವರು ಮಂಡ್ಯ ತಳಿ ಎನ್ನುವ, ಗಿಡ್ಡ ಕಾಲಿನ, ಮೈತುಂಬಿದ ಆ ಕುರಿಯ ತವರು ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು. ಗಾಲ್ಫ್ ಹುಟ್ಟಿದ್ದೇ ಸ್ಕಾಟ್ಲೆಂಡಿನ ಕಡಲಂಚಿನ ಕುರಿಗಾವಲಿನಲ್ಲಿ. ಹುಲ್ಲನ್ನು ನುಣ್ಣಗೆ ಮೇಯ್ದು ಇಟ್ಟದ್ದು ಕುರಿಗಳು, ಗಾಳಿಗೆ ಮರೆಯಾಗಿ ಅವು ಕೆರೆದುಕೊಂಡು ಮಲಗಿದ ತಗ್ಗುಗಳೇ ಮರಳಿನ ಬಂಕರ್ ಆದವು ಎನ್ನುತ್ತಾರೆ ಎಂದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಕುರಿ ಮೇಯ್ಸೋನು ಬ್ಯಾಸರಕ್ಕೆ ಆಡಿದ್ದನ್ನ ನೀವು ದುಡ್ಡು ಕೊಟ್ಟು ಆಡ್ತಾ ಇದ್ದೀರಿ" ಎಂದ. ಗಾಲ್ಫಿನ ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಬರೆದವರನ್ನು ನಾನು ಕಂಡಿಲ್ಲ.

ಐದು, ಆರು. ಎರಡೂ ಐದು ಏಟಿನ ಉದ್ದದ ಗುಂಡಿಗಳು, ಒಂದರ ಹಿಂದೊಂದು. ಆ ಬಗ್ಗೆ ಬರೆಯದಿರುವುದೇ ಮರ್ಯಾದೆ. ಜಿಂಕೆಗಳು ಮಾತ್ರ ಮಲಗಿದ್ದಲ್ಲಿಂದ ಏಳದೆ ನನ್ನ ಆಟ ನೋಡಿದವು. ನನ್ನ ಚೆಂಡಿನಿಂದ ತಮಗೇನೂ ಅಪಾಯವಿಲ್ಲ ಎಂದು ಅವಕ್ಕೆ ಆಗಲೇ ತಿಳಿದಿತ್ತು.

ಏಳನೇ ಗುಂಡಿಯಲ್ಲಿ ಚರಿತ್ರೆ ನಡೆಯಿತು. ಗ್ರೀನ್ ಎಂಬ ನುಣುಪು ಅಂಗಳಕ್ಕೆ ಬಂದು, ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇಳಿಜಾರು ಅಳೆಯುತ್ತಿದ್ದೆ. "ಏನ್ಲಾ ಅದು, ಬೆಳಗಾಗೆದ್ದು ಕೆರೆ ಏರಿ ಹಿಂದೆ ಕುಂತಂಗೆ?" ಎಂದ ಅಪ್ಪ. ನೆಲ ಯಾವ ಕಡೆ ವಾಲಿದೆ ನೋಡಬೇಕಪ್ಪ, ಚೆಂಡು ಆ ಕಡೆ ಹೊರಳುತ್ತದೆ ಎಂದೆ. "ಅಷ್ಟೇಯಾ? ನೀರು ಎತ್ಲಾಗೆ ಹರೀತದೆ ಅಂತ ನೋಡೋದು ತಾನೆ?" ಎಂದವನೇ ಶೂ ಬಿಚ್ಚಿದ. ಬರಿಗಾಲಲ್ಲಿ ಚೆಂಡಿನಿಂದ ಗುಂಡಿಯವರೆಗೆ ನಾಲ್ಕು ಹೆಜ್ಜೆ ಇಟ್ಟ. "ಮ್ಯಾಗ್ಲಿಂದ ಒಂದು ಗೇಣು ಎಡಕ್ಕೆ ಬುಡು. ಕೊನೇಲಿ ತಾನಾಗೇ ಬಲಕ್ಕೆ ಬತ್ತದೆ."

ಬಿಟ್ಟೆ. ಕೊನೆಯಲ್ಲಿ ತಾನಾಗೇ ಬಲಕ್ಕೆ ಬಂತು. ಒಳಗೆ ಬಿತ್ತು.

ಮೇಷ್ಟ್ರು ಟೋಪಿ ತೆಗೆದರು. ಏಮ್‌ಪಾಯಿಂಟ್ ಎಂಬ ಪದ್ಧತಿಯೇ ಇದೆಯಂತೆ. ಪಾದದಿಂದ ಇಳಿಜಾರು ಅರಿಯುವುದನ್ನು ದೊಡ್ಡ ದೊಡ್ಡ ಆಟಗಾರರು ದುಡ್ಡು ಕೊಟ್ಟು ಕಲಿಯುತ್ತಾರೆ. ನಿಮ್ಮ ತಂದೆ ಎಲ್ಲಿ ಕಲಿತರು ಎಂದು ಕೇಳಿದರು. ಏನೆಂದು ಹೇಳಲಿ? ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಹುಲಿಕೆರೆಯ ಸುರಂಗ ದಾಟಿ ಮಂಡ್ಯಕ್ಕೆ ಉಣಿಸಿ, ಮದ್ದೂರಿಗೆ ಕುಡಿಸಿ, ಮಿಕ್ಕಿದ್ದು ಮಳವಳ್ಳಿಗೆ ಬರುತ್ತದೆ. ನಾವು ಟೈಲೆಂಡಿನವರು. ಬಂದ ಬೊಗಸೆ ನೀರು ಗದ್ದೆಯ ಮೂಲೆ ಮುಟ್ಟಬೇಕಾದರೆ ನೆಲದ ಒಂದೊಂದು ಬೆರಳಿನ ಏರಿಳಿತವೂ ಕಾಲಿಗೆ ಗೊತ್ತಿರಬೇಕು. ಹುಡುಗನಾಗಿದ್ದಾಗ ನನ್ನನ್ನೂ ರಾತ್ರಿ ನೀರು ಕಾಯಲು ಬ್ಯಾಟರಿ ಕೊಟ್ಟು ಕಳಿಸುತ್ತಿದ್ದ. ನಾನು ಬದುವಿನ ಮೇಲೆ ನಿದ್ದೆ ಹೋಗುತ್ತಿದ್ದೆ, ನೀರು ಪಕ್ಕದವರ ಗದ್ದೆಗೆ ಹೋಗುತ್ತಿತ್ತು. "ಇವನು ಗೇಯೋನಲ್ಲ, ಓದಿಸ್ಬುಡವಾ" ಎಂದು ಅವ್ವನಿಗೆ ಅಪ್ಪ ಹೇಳಿದ್ದು ಅಂಥದೇ ಒಂದು ಬೆಳಿಗ್ಗೆ. ನಾನು ಅಮೆರಿಕಕ್ಕೆ ಬಂದದ್ದು ಬುದ್ಧಿಯಿಂದಲ್ಲ, ನಿದ್ದೆಯಿಂದ.

ಒಂಬತ್ತು ಮುಗಿದಾಗ ಏಟಿನ ಲೆಕ್ಕದ ಕಾರ್ಡಿನಲ್ಲಿ ಅರವತ್ತು. "ಅರವತ್ತಡಿಗೆ ನಾಲೆಗೆ ನೀರು ಬುಡಂಗಿಲ್ಲ, ನಡಿ" ಎಂದ ಅಪ್ಪ.

ಹತ್ತರಿಂದ ಮೈದಾನ ಕಡಲಿಗೆ ತೆರೆದುಕೊಂಡಿತು. 1855ರಿಂದ ಉರಿಯುತ್ತಿರುವ ಪಾಯಿಂಟ್ ಪಿನೋಸ್ ದೀಪಸ್ತಂಭ, ಬಿಳಿ ಮರಳಿನ ದಿಬ್ಬಗಳು, ಅದರಾಚೆ ಪೆಸಿಫಿಕ್ ಸಾಗರ. ಈ ನೋಟಕ್ಕೆಂದೇ ಜನ ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಅಪ್ಪನ ಕಣ್ಣು ನೆಟ್ಟದ್ದು ಮರಳಿನ ಮೇಲೆ. "ಇಷ್ಟು ಮರಳು ಕಾಯೋರಿಲ್ದೆ ಬಿದ್ದೈತಲ್ಲೋ! ಶಿಂಷಾ ದಡದಾಗಿದ್ದಿದ್ರೆ ಒಂದೇ ರಾತ್ರಿಗೆ ಟ್ರ್ಯಾಕ್ಟರ್ನಾಗೆ ಖಾಲಿ." ನನ್ನ ಚೆಂಡು ಅದೇ ಮರಳಿಗೆ ಬಿತ್ತು. ನಾಲ್ಕು ಏಟಿಗೆ ನಾನೂ ಅರ್ಧ ಲೋಡು ಸಾಗಿಸಿದೆ.

ಹದಿಮೂರರಲ್ಲಿ ಹಸಿವು. ಅವ್ವ ಕಟ್ಟಿಕೊಟ್ಟ ಮದ್ದೂರು ವಡೆ ಬಿಚ್ಚಿದೆವು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಹೇಳುವ ಈ ವಡೆ ರೈಲು ಪ್ರಯಾಣಕ್ಕೆಂದೇ ಮಾಡಿದ್ದು. ಕೆಡುವುದಿಲ್ಲ, ಚೆಲ್ಲುವುದಿಲ್ಲ, ಒಂದು ಕೈಯಲ್ಲಿ ತಿನ್ನಬಹುದು. ಗಾಲ್ಫಿಗೂ ಅಷ್ಟೇ ತಕ್ಕದ್ದು. ನನ್ನ ಕೈಯಲ್ಲಿದ್ದದ್ದನ್ನು ಒಂದು ಕಡಲಹಕ್ಕಿ ಬಂದು ಎತ್ತಿಕೊಂಡು ಹೋಯಿತು. ನಿಗದಿ ಏಟಿಗಿಂತ, ಅಂದರೆ ಪಾರಿಗಿಂತ, ಒಂದು ಏಟು ಕಡಿಮೆಯಾದರೆ ಬರ್ಡಿ ಎನ್ನುತ್ತಾರೆ. ಆ ದಿನ ನನಗೆ ಸಿಕ್ಕ ಬರ್ಡಿ ಅದೊಂದೇ.

ಹದಿನಾರರ ಹೊತ್ತಿಗೆ ಅಪ್ಪ ನೀರಿನ ಪೈಪು ಹುಡುಕತೊಡಗಿದ್ದ. ಇಷ್ಟು ಹಸಿರಿಗೆ ಯಾವ ಹೊಳೆ? ಹೊಳೆಯದಲ್ಲಪ್ಪ, ಊರಿನ ಚರಂಡಿ ನೀರನ್ನೇ ಶುದ್ಧಮಾಡಿ ಈ ಹುಲ್ಲಿಗೂ ಪಕ್ಕದ ಎಲ್ ಕಾರ್ಮೆಲೋ ಸ್ಮಶಾನಕ್ಕೂ ಬಿಡುತ್ತಾರೆ ಎಂದೆ. ಇಲ್ಲಿನ ಕಾರ್ಮೆಲ್ ಹೊಳೆಯಿಂದ ಹಕ್ಕಿರುವುದಕ್ಕಿಂತ ಹೆಚ್ಚು ನೀರೆತ್ತಲಾಗುತ್ತಿದೆ ಎಂದು 1995ರಲ್ಲೇ ರಾಜ್ಯದ ಜಲಮಂಡಳಿ ಆದೇಶ ಹೊರಡಿಸಿತ್ತು ಎಂದೂ ಹೇಳಿದೆ. ಅಪ್ಪ ನಿಂತುಬಿಟ್ಟ. "ಇವ್ರ ಹೊಳೇಗೂ ಟ್ರಿಬ್ಯೂನಲ್ ಐತಾ?" ಅವನ ಮುಖದಲ್ಲಿ ಮೊದಲ ಸಲ ಅಮೆರಿಕದ ಬಗ್ಗೆ ನೆಂಟಸ್ತಿಕೆಯ ಕಳೆ ಕಂಡಿತು. ಮೇಷ್ಟ್ರ ಬೆನ್ನು ತಟ್ಟಿ, "ರಸ್ತೆ ತಡೆ ಮಾಡಿದ್ರಾ ಕೇಳು" ಎಂದ. ಮೇಷ್ಟ್ರೂ ಅಷ್ಟರಲ್ಲಿ ಪಳಗಿದ್ದರು. ತಮ್ಮ ಚೆಂಡನ್ನು ತೋರಿಸಿ "ಅಪ್ಪಾ?" ಎನ್ನುವರು, ಅಪ್ಪ ಶೂ ಬಿಚ್ಚಿ, ಬೆರಳಲ್ಲಿ ಗೇಣು ತೋರಿಸುವನು, ಚೆಂಡು ಒಳಗೆ. ಭಾಷೆ ಇಲ್ಲದೆ ನೀರುಗಂಟಿಯ ಕೆಲಸ ನಡೆಯಿತು.

ಹದಿನೇಳು. ಕ್ರೆಸ್ಪಿ ಕೊಳ. ಹಕ್ಕಿ ನೋಡುವವರು ದುರ್ಬೀನು ಹಿಡಿದು ನಿಂತಿದ್ದರು. ಕಾರ್ಡಿನಲ್ಲಿ ಆಗ 110. ಬೀಸಿದೆ. ಚೆಂಡು ಎತ್ತರಕ್ಕೆ ಹೋಗಿ, ಯೋಚಿಸಿ, ನೀರಿಗಿಳಿಯಿತು. ಅಪ್ಪ ಕೈಮುಗಿದ. "ತುಂಬೋಕೆ ಮುಂಚೇನೇ ಬಾಗಿನ ಬುಟ್ಬುಟ್ಟೆ. ಮುಖ್ಯಮಂತ್ರಿನೂ ಇಷ್ಟು ಆತುರ ಮಾಡಾಕಿಲ್ಲ." ಅದು ಮುಗಿದಾಗ 117.

ಹದಿನೆಂಟು. ಆರು ಏಟು ಮುಗಿದು ಗುಂಡಿಗೆ ಆರು ಅಡಿ ಉಳಿದಿತ್ತು. ಅವ್ವ, ಹೆಂಡತಿ ಬಂದು ಅಂಚಿನಲ್ಲಿ ನಿಂತಿದ್ದರು. ಅಪ್ಪ ಕಾರ್ಡು ಕಸಿದುಕೊಂಡು ಲೆಕ್ಕ ಹಾಕಿದ. ಅವನ ದನಿ ಬದಲಾಯಿತು. "ಲೋ, ಈಗ ನೂರಿಪ್ಪತ್ಮೂರು. ಇದು ಒಳಕ್ಕೋದ್ರೆ ನೂರಿಪ್ಪತ್ನಾಲ್ಕು. ತಪ್ಪಿದ್ರೆ ಗೇಟು ಎತ್ಬೇಕಾಯ್ತದೆ. ನಿದ್ದೆ ಹೋಗ್ಬ್ಯಾಡ."

ಬರಿಗಾಲಲ್ಲಿ ಹೋದ, ಬಂದ. ಇನ್ನೊಮ್ಮೆ ಹೋದ. "ಎರಡು ಬೆರಳು ಬಲಕ್ಕೆ. ಮೆಲ್ಲಗೆ. ಮಡೆ ತೆಗೆದಂಗೆ ಬುಡು."

ಬದುವಿನ ಮೇಲೆ ಕಲಿಯದೆ ಬಿಟ್ಟದ್ದನ್ನು ಆವತ್ತು ಕಲಿತೆ. ಚೆಂಡು ನೀರಿನ ಹಾಗೆ ಹೋಯಿತು.

"ಎಷ್ಟು ಬಂತ್ರೀ?" ಎಂದಳು ಹೆಂಡತಿ. ಪಾರ್ ಎಪ್ಪತ್ತಿರುವ ಮೈದಾನದಲ್ಲಿ ನೂರಿಪ್ಪತ್ತನಾಲ್ಕು ಹೇಳಿಕೊಳ್ಳುವ ಅಂಕಿಯಲ್ಲ. ಕಾರ್ಡನ್ನು ಜೇಬಿಗೆ ಹಾಕೋಣವೆಂದರೆ ಅದು ಅಪ್ಪನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಫೋನಿತ್ತು. ನಮಗೆ ಮಧ್ಯಾಹ್ನ ಎರಡು, ಊರಲ್ಲಿ ರಾತ್ರಿ ಎರಡೂವರೆ. ಚಿಕ್ಕಪ್ಪ ಎತ್ತಿಕೊಂಡ.

"ತುಂಬ್ತು ಕಣ್ಲಾ! ನೂರಿಪ್ಪತ್ನಾಲ್ಕು!"

ಆ ಕಡೆ ಮಂಚ ಕಿರುಗುಟ್ಟಿತು, ದೀಪದ ಸ್ವಿಚ್ಚಿನ ಸದ್ದಾಯಿತು, ನಾಯಿ ಬೊಗಳಿತು. "ಹೌದಾ ಅಣ್ಣಾ? ಯಾವಾಗ? ಒಟ್ಲು ಹಾಕುಸ್ಬುಡ್ಲಾ?"

"ಕನ್ನಂಬಾಡಿ ಅಲ್ಲ ಕಣೋ. ಇಲ್ಲಿದು. ನಮ್ಮುಡುಗ ತುಂಬಿಸ್ದ."

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆಕಳಿಸುತ್ತಾ ಕೇಳಿದ:

"ಎಲ್ಲಿದಾದ್ರೂ ಆಗ್ಲಿ. ಟೈಲೆಂಡಿಗೆ ಬತ್ತದಾ ಕೇಳು."