ಬಿದಿರಿನ ಚಡ್ಡಿ

ಭೂಮಿಯನ್ನು ಉಳಿಸುವ ಹೊಣೆ ಕೊನೆಗೆ ಚಡ್ಡಿಯ ಮೇಲೂ ಬಿತ್ತು. ಬೆಂಗಳೂರಿನಿಂದ ಮಗಳು ತಂದ ಪೊಟ್ಟಣದ ಮೇಲೆ ಎರಡು ಬಿದಿರೆಲೆ, ಒಂದು ನೀರಿನ ಹನಿ, ಪುಟ್ಟದೊಂದು ಭೂಗೋಳ. ಒಳಗಿನ ತುಂಡು ನೋಡಿದರೆ ಭೂಗೋಳದ ಮಾತಿರಲಿ, ನನ್ನ ಸೊಂಟವನ್ನಾದರೂ ಒಂದು ಸುತ್ತು ಬಂದೀತೇ ಎಂಬ ಅನುಮಾನ. “ಬಿದಿರಿಂದ ಮಾಡಿದ್ದಪ್ಪಾ, ಪರಿಸರಕ್ಕ ಛಲೋ” ಎಂದಳು. ಬೆಲೆ ಕೇಳಿದೆ. ಹೇಳಿದಳು. ಪರಿಸರಕ್ಕೆ ಒಳ್ಳೆಯದಾದದ್ದು ಕಿಸೆಗೆ ಯಾಕೋ ಒಗ್ಗುವುದೇ ಇಲ್ಲ.

ಬಿದಿರೆಂದರೆ ನಮಗೆ ಗೊತ್ತಿದ್ದದ್ದು ಮೊರ, ಬುಟ್ಟಿ, ಏಣಿ, ಕಟ್ಟಕಡೆಗೆ ಚಟ್ಟ. ಇವುಗಳಲ್ಲಿ ಯಾವುದನ್ನೂ ಉಟ್ಟುಕೊಳ್ಳುವ ಧೈರ್ಯ ಯಾರೂ ಮಾಡಿದ್ದಿಲ್ಲ. ಅಷ್ಟು ಗಟ್ಟಿಯಾದದ್ದು ಇಷ್ಟು ಮೆತ್ತಗಾದದ್ದು ಹೇಗೆ? ಪೊಟ್ಟಣ ಬಾಯಿ ಬಿಡುವುದಿಲ್ಲ. ಬಿದಿರನ್ನು ತಿರುಳು ಮಾಡಿ, ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ, ಕಾರ್ಬನ್ ಡೈಸಲ್ಫೈಡ್ ಬೆರೆಸಿ ಅಂಟುದ್ರವ ಮಾಡುತ್ತಾರೆ. ಅದನ್ನು ಸಣ್ಣ ತೂತುಗಳ ಮೂಲಕ ಗಂಧಕಾಮ್ಲದೊಳಕ್ಕೆ ಶ್ಯಾವಿಗೆ ಒತ್ತಿದ ಹಾಗೆ ಒತ್ತಿದರೆ ಎಳೆ ಬರುತ್ತದೆ. ಇದೇ ವಿಸ್ಕೋಸ್, ಅರ್ಥಾತ್ ರೇಯಾನ್. ಕಾರ್ಬನ್ ಡೈಸಲ್ಫೈಡಿನ ಆವಿ ಕುಡಿದ ಕೆಲಸಗಾರರ ನರ ಕೆಡುತ್ತದೆಂಬುದು ವೈದ್ಯರಿಗೆ ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತು. ರೇಯಾನನ್ನು ಬಿದಿರೆಂದು ಮಾರಬೇಡಿ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಕೆಲವು ಕಂಪನಿಗಳ ಕಿವಿ ಹಿಂಡಿತ್ತು. ಲಯೋಸೆಲ್ ಎಂಬ ಇನ್ನೊಂದು ಬಗೆಯ ಎಳೆ ಇದ್ದುದರಲ್ಲಿ ವಾಸಿ. ಅದರ ದ್ರಾವಕವನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಬಳಸುತ್ತಾರೆ.

ರೇಯಾನಿನ ಕಥೆ ನಮ್ಮ ಹಾವೇರಿ ಸೀಮೆಗೆ ಹೊಸದಲ್ಲ. ಅದರ ತಿರುಳಿಗೆಂದು ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ನೆಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ನೀಲಗಿರಿಯ ಎಲೆಯೂ ಹಸಿರೇ ಅನ್ನಿ. ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ಬಿದಿರಿಗಿಂತ ಚೆಂದ ಕಾಣುತ್ತಿತ್ತು.

ಒಳಗಿನ ಚೀಟಿಯನ್ನು ಕನ್ನಡಕ ಹಾಕಿ ಓದಿದೆ. ನೂರಕ್ಕೆ 95 ವಿಸ್ಕೋಸ್, 5 ಇಲಾಸ್ಟೇನ್. ಆ 5 ಬಂದದ್ದು ಕಚ್ಚಾತೈಲದಿಂದ. ಹಾಗಂತ ಅಜ್ಜನ ಪಟ್ಟಾಪಟ್ಟಿ ಚಡ್ಡಿಯನ್ನು ನಾನು ಹೊಗಳಲಾರೆ. ಅಪ್ಪಟ ಹತ್ತಿ, ಹತ್ತಿಯದೇ ಲಾಡಿ, ಎಲ್ಲ ನಿಜ. ಆದರೆ ಲಾಡಿಯ ತುದಿ ನೇಫಾದೊಳಗೆ ಹೊಕ್ಕರೆ ಪಿನ್ನು ಚುಚ್ಚಿ ಇಂಚಿಂಚೇ ತಳ್ಳಿ ಹೊರತೆಗೆಯಬೇಕು. ಅವಸರದ ಹೊತ್ತಿನಲ್ಲೇ ಗಂಟು ಕಗ್ಗಂಟಾಗಿ ಅಜ್ಜ ಬಚ್ಚಲ ಬಾಗಿಲಲ್ಲಿ ಕುಣಿಯುತ್ತಿದ್ದರು. ಆ ಚಡ್ಡಿ ಪರಿಸರಸ್ನೇಹಿ ಇರಬಹುದು, ಅಜ್ಜಸ್ನೇಹಿಯಂತೂ ಅಲ್ಲ.

ಚಡ್ಡಿಯ ನಿಜವಾದ ಪರೀಕ್ಷೆ ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 2021ರಲ್ಲಿ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಆಗ್ರೋಸ್ಕೋಪ್ ಮತ್ತು ಜೂರಿಕ್ ವಿಶ್ವವಿದ್ಯಾಲಯ ಸೇರಿ, ಸುಮಾರು 1000 ಮಂದಿಗೆ ತಲಾ ಎರಡು ಹತ್ತಿ ಚಡ್ಡಿ ಕಳಿಸಿ ಹೊಲ, ತೋಟಗಳಲ್ಲಿ ಹೂಳಿಸಿದವು. ಮಣ್ಣಿನಲ್ಲಿ ಜೀವಾಣುಗಳು ಚುರುಕಾಗಿದ್ದಷ್ಟೂ ಹತ್ತಿ ಬೇಗ ಕರಗುತ್ತದೆ. ಒಳ್ಳೆಯ ಮಣ್ಣಾದರೆ ಎರಡು ತಿಂಗಳಲ್ಲಿ ಉಳಿಯುವುದು ಇಲಾಸ್ಟಿಕ್ ಪಟ್ಟಿ, ಹೊಲಿಗೆಯ ದಾರ, ಅಷ್ಟೇ.

ನಮ್ಮ ಮಲ್ಲಿಗೆ ಬುಡದಲ್ಲೂ ಒಂದು ಹೂಳಿ ನೋಡೋಣವೆಂದು ಹೆಂಡತಿಗೆ ಹೇಳಿದೆ.

“ಹೂಳ್ರಿ. ಎರಡು ತಿಂಗಳ ಬಿಟ್ಟು ಅಗದು ತಗಿಯೂ ಮುಂದ, ಏನ್ ಹುಡುಕಾಕತ್ತೀರಿ ಅಂತ ಓಣಿ ಮಂದಿ ಕೇಳಿದ್ರ ನೀವ ಹೇಳ್ರಿ. ನಾ ಒಳಗ ಇರ್ತೀನಿ” ಎಂದಳು.