ಟ್ರಂಕಿನೊಳಗಿನ ಮಾಂಡ್ರೇಕ್

ಧನವನ್ನು ಕೂಡಿಟ್ಟವನಿಗೆ ಕಳ್ಳರ ಭಯ, ಧಾನ್ಯವನ್ನು ಕೂಡಿಟ್ಟವನಿಗೆ ಇಲಿಗಳ ಭಯ. ಮಲೆನಾಡಿನ ಮನೆಯಲ್ಲಿ ಕುಳಿತು ಚಿತ್ರಕಥೆಯ ಪುಸ್ತಕಗಳನ್ನು ಕೂಡಿಟ್ಟ ನನ್ನಂಥವನಿಗಾದರೋ ಗೆದ್ದಲು, ಬೂಷ್ಟು, ಜಿರಲೆ ಮತ್ತು ಬಂಧುಗಳ ಮಕ್ಕಳು, ಇಷ್ಟರ ಭಯವೂ ಏಕಕಾಲದಲ್ಲಿ ಪ್ರಾಪ್ತವಾಗುತ್ತದೆ.

ಸಂಗ್ರಹವೆಂದರೆ ಮಹತ್ತಾದುದೇನಲ್ಲ, ಒಂದು ಕಬ್ಬಿಣದ ಟ್ರಂಕಿನಲ್ಲಿ ಅಡಗುವಷ್ಟು. 1964ರಲ್ಲಿ ಹುಟ್ಟಿ 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸಿನ ಕೆಲವು ಕನ್ನಡ ಸಂಚಿಕೆಗಳು (ಜಾದೂಗಾರ ಮಾಂಡ್ರೇಕ್ ಇರುವುದು ಇವುಗಳಲ್ಲೇ), ಮಿಕ್ಕಂತೆ ಅಮರ ಚಿತ್ರಕಥೆಗಳು. ಆ ಮಾಲೆಯ ಸಂಪಾದಕ ಅನಂತ ಪೈ ಅವರ ‘ಕೃಷ್ಣ’ನಿಗೆ 11ನೆಯ ಸಂಖ್ಯೆ ಏಕೆ ಬಂದಿತೆಂದರೆ, ಮೊದಲ 10 ಸಂಖ್ಯೆಗಳು ಸಿಂಡ್ರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಕನ್ನಡ ಅವತರಣಿಕೆಗಳಿಗೆ ಸಂದುಹೋಗಿದ್ದವು. ಇದನ್ನು ಮನೆಗೆ ಬಂದವರಿಗೆಲ್ಲ ಸಾಭಿಮಾನವಾಗಿ ಹೇಳುತ್ತೇನೆ. ಆ ಹತ್ತರಲ್ಲಿ ಒಂದೂ ನನ್ನಲ್ಲಿಲ್ಲವೆಂಬುದನ್ನು ಮಾತ್ರ ಅವರಾಗಿ ಕೇಳುವವರೆಗೆ ಹೇಳುವುದಿಲ್ಲ.

ಮರದ ತಿರುಳಿನಿಂದಾದ ಅಗ್ಗದ ಕಾಗದಕ್ಕೆ ಹೊರಗಿನ ಶತ್ರುವಿಗಿಂತ ಒಳಗಿನ ಶತ್ರುವೇ ಪ್ರಬಲ. ಅದರಲ್ಲಿರುವ ಲಿಗ್ನಿನ್ ಬೆಳಕು ಗಾಳಿಗಳ ಸಂಸರ್ಗದಿಂದ ಹಳದಿಗೆ ತಿರುಗುತ್ತದೆ. ಆಮ್ಲವು ಹಾಳೆಯನ್ನು ಹಪ್ಪಳದಂತೆ ಮುರುಮುರು ಮಾಡುತ್ತದೆ. ನಡುವಿನ ಪಿನ್ನು ತುಕ್ಕು ಕಾರಿ ತನ್ನ ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಪಾಲಿಯೆಸ್ಟರ್ ಲಕೋಟೆಯಲ್ಲಿಟ್ಟು, ಬೆನ್ನಿಗೆ ಆಮ್ಲರಹಿತ ರಟ್ಟನ್ನು ಕೊಟ್ಟು, ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿ, ಗಾಳಿಯ ತೇವವನ್ನು ಶೇಕಡಾ 50ರ ಆಸುಪಾಸಿನಲ್ಲಿರಿಸಬೇಕೆಂದು ಬಲ್ಲವರು ವಿಧಿಸುತ್ತಾರೆ. ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವ ನಮ್ಮೂರನ್ನು ಅವರು ಕಂಡವರಲ್ಲ.

ನನ್ನ ಚಿಕ್ಕಮ್ಮನ ಮತವೇ ಬೇರೆ. “ಆ ಪ್ಲಾಸ್ಟಿಕ್ ಗೀಸ್ಟಿಕ್ ಎಲ್ಲ ಬೇಡ ಮಾರಾಯ, ನಾಲ್ಕು ಬಜೆ ಕೊಂಬು ಹಾಕಿ ಒಲೆ ಮೇಲಿನ ಅಟ್ಟಕ್ಕೆ ಏರಿಸು. ನಿನ್ನ ಅಜ್ಜನ ತಾಳೆಗರಿ ಕಟ್ಟು ಉಳಿದದ್ದು ಹಾಗೇ” ಎನ್ನುತ್ತಾಳೆ. ತಾಳೆಗರಿಗೆ ಒಗ್ಗಿದ ಹೊಗೆ ಮಾಂಡ್ರೇಕನಿಗೆ ಒಗ್ಗದೆಂದು ವಾದಿಸುವ ಧೈರ್ಯವಿಲ್ಲದೆ, ಬಜೆಯನ್ನು ಸ್ವೀಕರಿಸಿ ಅಟ್ಟದ ವಿಚಾರವನ್ನು ಮುಂದೂಡುತ್ತ ಬಂದಿದ್ದೇನೆ. ಪೇಟೆಯ ರಟ್ಟು ಕಟ್ಟುವವನಾದರೋ ಎಲ್ಲವನ್ನೂ ಒಟ್ಟಿಗೆ ಹೊಲಿದು, ಮೂರು ಕಡೆಯೂ ಅಂಚು ಕತ್ತರಿಸಿ, ಬೆನ್ನಿನ ಮೇಲೆ ಚಿನ್ನದಕ್ಷರದಲ್ಲಿ ನನ್ನ ಹೆಸರನ್ನು ಬರೆದುಕೊಡಲು ಸಿದ್ಧನಿದ್ದಾನೆ; ಕತ್ತರಿಸಿದ ಅಂಚಿನೊಡನೆ ಪಾತ್ರಗಳ ಅರ್ಧ ಮಾತು ಹೊರಟುಹೋಗುವುದು ಅವನ ಗಣನೆಗೆ ಬಂದಂತಿಲ್ಲ.

1938ರಲ್ಲಿ ಅಮೆರಿಕೆಯಲ್ಲಿ 10 ಸೆಂಟಿಗೆ ಮಾರಿದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ನ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು. ಅದರ ಒಡಹುಟ್ಟಿದ ಪ್ರತಿಗಳಲ್ಲಿ ಬಹುಪಾಲು ಮಕ್ಕಳ ಕೈಯಲ್ಲಿ ಹರಿದವು, ತಾಯಂದಿರ ಕೈಯಿಂದ ಕಸಕ್ಕೆ ಬಿದ್ದವು, ಯುದ್ಧಕಾಲದಲ್ಲಿ ರದ್ದಿಯ ಸಂಗ್ರಹಕ್ಕೆ ಹೋದವು. ಸಂಗ್ರಾಹಕರೆಲ್ಲರೂ ಸೇರಿ ಗುಡಿ ಕಟ್ಟಿಸಬೇಕಾದದ್ದು ಆ ತಾಯಂದಿರಿಗೆ. ಎಲ್ಲರೂ ನನ್ನಂತೆ ಜೋಪಾನ ಮಾಡಿದ್ದರೆ ಅದಕ್ಕೆ ಇಂದು ಯಾರು ಕವಡೆ ಕಾಸು ಕೊಡುತ್ತಿದ್ದರು?

ಬೇಸಿಗೆಯಲ್ಲಿ ತಂಗಿಯ ಮಗ ಬಂದ, ಕೈಯಲ್ಲಿ ಕೋಡುಬಳೆ. “ಮಾವ, ಇದನ್ನು ಓದಬಹುದಾ?” ಎಂದು ಕೇಳಿ, ನನ್ನ ಆಜ್ಞೆಯಂತೆ ಕೈ ತೊಳೆದು, ಒರೆಸಿ, ಬೆರಳುಗಳನ್ನು ತಪಾಸಣೆಗೆ ಒಡ್ಡಿ, ಲಕೋಟೆಯಿಂದ ಮಾಂಡ್ರೇಕನನ್ನು ಹೊರತೆಗೆದು ಓದಿದವನು, “ಕೊನೆ ಪುಟ ಎಲ್ಲಿ?” ಎಂದ. ಕೊಂಡಾಗಲೇ ಇರಲಿಲ್ಲವೆಂದು ತಿಳಿಸಿ, ಅಂತ್ಯವನ್ನು ನಾನೇ ಹೊಂದಿಸಿ ಹೇಳಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ, ಅಂಥ ಖಳನನ್ನು ಮಾಂಡ್ರೇಕ್ ಅಷ್ಟು ಸುಲಭವಾಗಿ ಕ್ಷಮಿಸಬಾರದಂತೆ.