ಮೂರನೇ ವಯರು

ಮೈಸೂರಿನಲ್ಲಿ ಅರವತ್ತು ದಾಟಿದ ಇಬ್ಬರು ಎದುರಾದರೆ ಮಳೆ, ಮಕ್ಕಳು, ಮಂಡಿನೋವು ಎಲ್ಲ ಮುಗಿದ ಮೇಲೆ ಬರುವ ಪ್ರಶ್ನೆ, ‘ಪಂಪಿಂಗ್ ಎಷ್ಟಿದೆ?’ ಕೇಳುತ್ತಿರುವುದು ಬಾವಿ ಮೋಟರಿನದಲ್ಲ, ಹೃದಯದ್ದು. ಎಕೋ ಮಾಡಿಸಿಕೊಂಡವರೆಲ್ಲ ತಮ್ಮ ಅಂಕೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. ಹೃದಯ ಒಂದು ಸಲ ಹಿಂಡಿದಾಗ ಎಡ ಕೆಳಕೋಣೆಯಲ್ಲಿದ್ದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದೇ ಆ ಲೆಕ್ಕ. ಐವತ್ತೈದು ಅರವತ್ತು ಇದ್ದರೆ ಗಟ್ಟಿ ಆಳು. ಇದು ತಿಳಿಯದ ನಮ್ಮ ಬೀದಿಯವರೊಬ್ಬರು ರಿಪೋರ್ಟಿನಲ್ಲಿ 60 ಅಂತ ನೋಡಿ, ಉಯಿಲು ಬರೆಸುವ ಬಗ್ಗೆ ವಕೀಲರನ್ನು ವಿಚಾರಿಸಿ ಬಂದಿದ್ದರು.

ನಮ್ಮ ಮನೆಯವರದು 34. ‘ನಮ್ಮ ಕಾಲದ ಎಸ್ಸೆಸ್ಸೆಲ್ಸಿಗೆ 35 ಬಂದ್ರೆ ಪಾಸು. ಒಂದು ಮಾರ್ಕು ಗ್ರೇಸ್ ಕೊಡೋಕಾಗಲ್ವಾ ಡಾಕ್ಟ್ರೇ?’ ಎಂದು ಕೇಳಿದರು. ಡಾಕ್ಟರು ನಗಲಿಲ್ಲ. ಅವರ ಶಾಸ್ತ್ರದಲ್ಲೂ 35ಕ್ಕೇ ಒಂದು ಗೆರೆ ಎಳೆದಿದ್ದಾರಂತೆ. ಪಂಪಿಂಗ್ ಆ ಗೆರೆಗಿಂತ ಕೆಳಗಿಳಿದು, ಎದೆಯಲ್ಲಿರುವ ಪೇಸ್‌ಮೇಕರಿಗೆ ಬಿಡುವಿಲ್ಲದ ದುಡಿಮೆ ಇದ್ದರೆ, ಇನ್ನೊಂದು ಲೀಡ್ ಸೇರಿಸುವ ಮಾತು ಬರುತ್ತದೆ. ಲೀಡ್ ಅಂದರೆ ವಯರು. ವಯರು ಅಂದಕೂಡಲೇ ಇವರ ಬೆನ್ನು ನೆಟ್ಟಗಾಯಿತು.

ಇವರು ಕೆ.ಇ.ಬಿ.ಯವರು. ಅದು 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು, ಆಮೇಲೆ ನಮ್ಮ ಕಡೆ ಸೆಸ್ಕ್ ಆಯಿತು. ಇವರ ಬಾಯಲ್ಲಿ ಇವತ್ತಿಗೂ ಕೆ.ಇ.ಬಿ.ಯೇ. ಎಂಟೊಂಬತ್ತು ವರ್ಷದ ಹಿಂದೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಾಗ ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ ಅಂದರು. ಹೃದಯದ ಮೇಲಿನ ಕೋಣೆಯಿಂದ ಹೊರಡುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ಮುಟ್ಟುತ್ತಲೇ ಇರಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಐಸಿಯು ಮಂಚದ ಮೇಲಿಂದ, ‘ಏನಿಲ್ಲ ಕಣೇ, ಜಂಪ್ ಕಟ್ಟಾಗಿದೆ’ ಎಂದು ನನಗೇ ಸಮಾಧಾನ ಹೇಳಿದರು. ಎಡಗಡೆ ಕಾಲರ್ ಮೂಳೆಯ ಕೆಳಗೆ ಯಂತ್ರ ಕೂತಿತು. ಅದರಿಂದ ಬಲ ಮೇಲ್ಕೋಣೆಗೊಂದು, ಬಲ ಕೆಳಕೋಣೆಗೊಂದು ವಯರು. ಅಲ್ಲಿಂದಾಚೆಗೆ ಇವರ ಅಂಗಿಯ ಎಡಜೇಬಿಗೆ ಮೊಬೈಲು ಇಳಿದಿಲ್ಲ. ಮಾಲಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಕೇಳದಿದ್ದರೂ ಕಾರ್ಡು ತೋರಿಸುತ್ತಾರೆ.

ಚೆಕಿಂಗಿಗೆ ಹೋದಾಗಲೆಲ್ಲ ಎದೆಯ ಮೇಲೊಂದು ಉಪಕರಣ ಇಟ್ಟು ಯಂತ್ರದ ಜಾತಕ ಪ್ರಿಂಟ್ ಹಾಕಿ ಕೊಡುತ್ತಾರೆ. ಅದರಲ್ಲಿ ಪ್ರತಿ ಸಲವೂ ‘ವೆಂಟ್ರಿಕಲ್ ಪೇಸಿಂಗ್ 99%’. ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಬಾರದ ಅಂಕ ಎದೆಯಲ್ಲಿ ಬಂದಿದೆ ಎಂದು ಇವರಿಗೆ ಹಿಗ್ಗು. ಬಂದವರಿಗೆಲ್ಲ ತೋರಿಸಿದ್ದರು. ಈಗ ನೋಡಿದರೆ ಡಾಕ್ಟರು ಅದೇ 99ರ ಮೇಲೆ ಬೆರಳಿಟ್ಟರು. ಹುಟ್ಟಿನಿಂದ ಬಂದ ಹೃದಯದಲ್ಲಿ ಸಂಕೇತ ತನ್ನದೇ ನರದಂಥ ಎಳೆಗಳಲ್ಲಿ ಓಡಿ ಎಡಬಲ ಎರಡನ್ನೂ ಒಟ್ಟಿಗೆ ಹಿಂಡಿಸುತ್ತದೆ. ಪೇಸ್‌ಮೇಕರಿನ ಹೊಡೆತ ಮಾತ್ರ ಬಲಗಡೆ ಬಿದ್ದು, ಸ್ನಾಯುವಿನಿಂದ ಸ್ನಾಯುವಿಗೆ ತೆವಳಿಕೊಂಡು ಎಡಗಡೆಗೆ ಹೋಗಬೇಕು. ಒಂದು ಗೋಡೆ ಹಿಂಡಿ ಮುಗಿಸುವ ಹೊತ್ತಿಗೆ ಇನ್ನೊಂದು ಶುರುಮಾಡುತ್ತದೆ. ದಿನಕ್ಕೆ ಹೃದಯದ ಬಡಿತ ಸುಮಾರು ಒಂದು ಲಕ್ಷ. ಅಷ್ಟೂ ಬಡಿತ ಹೀಗೆ ಹೊಂದಾಣಿಕೆ ತಪ್ಪಿದರೆ, ಕೆಲವರಿಗೆ ವರ್ಷಗಳ ಮೇಲೆ ಹೃದಯ ಹಿಗ್ಗಿ, ಪಂಪಿಂಗ್ ಇಳಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಇವರಿಗಾಯಿತು.

ಅಂದರೆ ಪ್ರಾಣ ಉಳಿಸಿದ ವಯರೇ ಇಷ್ಟು ವರ್ಷ ಒಳಗೊಳಗೇ ಹೃದಯವನ್ನು ದಣಿಸುತ್ತಿತ್ತು. ಬೈಯುವಂತೆಯೂ ಇಲ್ಲ, ಅದಿಲ್ಲದಿದ್ದರೆ 34 ಬಂತೆಂದು ಕೊರಗಲು ಇವರೇ ಇರುತ್ತಿರಲಿಲ್ಲ.

ಪರಿಹಾರ ಹೇಳಲು ಸುಲಭ. ಹೃದಯದ ಹಿಂಬದಿಯ ರಕ್ತನಾಳವೊಂದರೊಳಗೆ ಮೂರನೇ ವಯರನ್ನು ನುಸುಳಿಸಿ ಎಡ ಕೆಳಕೋಣೆಯ ಹೊರಮೈಗೆ ತಲುಪಿಸುವುದು. ಎಡಕ್ಕೂ ಬಲಕ್ಕೂ ಒಟ್ಟಿಗೇ ಹೊಡೆತ ಕೊಡುವುದು. ‘ಮನೆಗೆ ತ್ರೀ ಫೇಸ್ ಎಳೆಸಿದ ಹಾಗೆ ಅನ್ನಿ’ ಎಂದು ಇವರು ಅರ್ಥಮಾಡಿಕೊಂಡರು. ಹೇಗೂ ಯಂತ್ರದ ಬ್ಯಾಟರಿ ಮುಗಿಯುತ್ತ ಬಂದಿದೆ, ಅದನ್ನು ಬದಲಾಯಿಸಲು ತೆರೆದಾಗಲೇ ಇದನ್ನೂ ಮಾಡಿಬಿಡಬಹುದು ಎಂದು ಡಾಕ್ಟರು ಸೇರಿಸಿದರು. ಅವರು ಹಾಗೆನ್ನಬಾರದಿತ್ತು. ಇವರು ಮನೆಗೆ ಬಂದವರೇ, ‘ಹೇಗೂ ಲೈನ್ ಆಫ್ ಮಾಡಿಸಿ ಎಲ್.ಸಿ. ತಗೊಂಡಿದೀವಿ, ಆ ಕಂಬದ್ದೂ ಒಂದು ನೋಡ್ಬಿಡೋಣ ಅಂತ ಹತ್ತಿದವ್ರೇ ಕೆಳಗೆ ಬೀಳೋದು. ನಲವತ್ತು ವರ್ಷ ನೋಡಿದೀನಿ’ ಅಂದರು.

ಆ ಹೆದರಿಕೆ ಪೂರ್ತಿ ಕೆ.ಇ.ಬಿ. ಹೆದರಿಕೆಯಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಇಂಥ ರೋಗಿಗಳನ್ನು ಆರು ತಿಂಗಳು ಹಿಂಬಾಲಿಸಿ ನೋಡಿ 2010ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಬರೀ ಯಂತ್ರ ಬದಲಾಯಿಸಿಕೊಂಡವರಲ್ಲಿ ನೂರಕ್ಕೆ 4 ಜನಕ್ಕೆ ದೊಡ್ಡ ತೊಡಕು. ಜೊತೆಗೆ ವಯರನ್ನೂ ಸೇರಿಸಿಕೊಳ್ಳಲು ಹೋದವರಲ್ಲಿ 15 ಜನಕ್ಕೆ. ಕೀವಾಗಬಹುದು, ವಯರು ಜಾಗ ಬಿಡಬಹುದು, ರಕ್ತ ಕಟ್ಟಬಹುದು. ಇನ್ನೊಂದು ಕಡೆ, ಪುಣೆಯಲ್ಲಿರುವ ಮಗಳು 2023ರ ಬುಡಾಪೆಸ್ಟ್ ಅಧ್ಯಯನವನ್ನು ಕಳಿಸಿದಳು. ಇವರಂತೆಯೇ ಬಲಗಡೆ ಪೇಸಿಂಗ್ ಆಗಿ ಪಂಪಿಂಗ್ 35 ಅಥವಾ ಅದಕ್ಕೂ ಕೆಳಗೆ ಇಳಿದ 360 ಜನ. ಎಲ್ಲರಿಗೂ ಬೇಕಾದಾಗ ಷಾಕ್ ಕೊಡುವ ಯಂತ್ರವೇ. ಹೆಚ್ಚಿನವರಿಗೆ ಮಾತ್ರ ಎಡಗಡೆಯ ಲೀಡ್ ಕೂಡ. ಒಂದು ವರ್ಷದಲ್ಲಿ ಸತ್ತವರು ಇಲ್ಲವೇ ಹೃದಯ ಸೋತು ಆಸ್ಪತ್ರೆ ಸೇರಿದವರು, ಲೀಡ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 32, ಇದ್ದ ಗುಂಪಿನಲ್ಲಿ 10. ಇವರು ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು, ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಕಡೆಗೆ, ‘ಎರಡೂ ಸರಿಯಾಗೇ ಇದೆ. ಅದೇ ಕಷ್ಟ’ ಅಂದರು.

ನಾದಿನಿಗೆ ಅಂಕಿಸಂಖ್ಯೆಯ ಗೊಡವೆಯಿಲ್ಲ. ‘ಅತ್ತಿಗೆ, ಅಣ್ಣ ಆರಾಮಾಗಿ ಓಡಾಡ್ಕೊಂಡಿದಾನೆ. ಯಾಕೆ ಮೈಮೇಲೆ ಎಳ್ಕೊಳ್ತೀರಿ?’ ಅಂದಳು. ನನ್ನನ್ನು ಕಾಡಿದ್ದು ಈ ಮಾತೇ. ಇವರು ಆರಾಮಾಗಿದ್ದಾರೆಯೇ?

ಡಾಕ್ಟರು ‘ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಾ?’ ಎಂದು ಕೇಳಿದಾಗ ಇವರು ‘ಇಲ್ಲವೇ ಇಲ್ಲ’ ಅಂದಿದ್ದರು. ಮಾತು ನಿಜವೇ. ಮೆಟ್ಟಿಲನ್ನೇ ಹತ್ತದವರಿಗೆ ಸುಸ್ತೆಲ್ಲಿಂದ ಬರಬೇಕು? ಮಹಡಿಯ ಕೋಣೆಯಲ್ಲಿ ಸೊಳ್ಳೆ ಜಾಸ್ತಿ ಎಂದು ಹಾಸಿಗೆ ಕೆಳಗಿಳಿದು ಯಾವ ಕಾಲವಾಯಿತು. ಕುಕ್ಕರಹಳ್ಳಿ ಕೆರೆಯ ಪೂರ್ತಿ ಸುತ್ತು ಅರ್ಧವಾಯಿತು, ಕಾರಣ ನಾಯಿಗಳು. ಅರ್ಧಸುತ್ತು ಕಲ್ಲುಬೆಂಚಾಯಿತು, ಕಾರಣ ಹಕ್ಕಿ ನೋಡುವ ಹವ್ಯಾಸ. ಹವ್ಯಾಸ ಬಂದಮೇಲೂ ಹದ್ದಿಗೂ ಗರುಡನಿಗೂ ವ್ಯತ್ಯಾಸ ತಿಳಿದಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವರ್ಷಕ್ಕೊಮ್ಮೆಯಾದರೂ ಹತ್ತುತ್ತಿದ್ದವರು, ‘ಈಗ ಬೆಟ್ಟ ಮೊದಲಿನ ಹಾಗಿಲ್ಲ ಬಿಡು, ಬರೀ ಗಲಾಟೆ’ ಎನ್ನುತ್ತಾರೆ. ದೇವರಾಜ ಮಾರ್ಕೆಟ್ಟಿಗೆ ಹೋದರೆ ತರಕಾರಿ ಚೀಲ ನನ್ನ ಕೈಗೆ ಬರುತ್ತದೆ, ಸ್ತ್ರೀಸಮಾನತೆಯ ಹೆಸರಿನಲ್ಲಿ. ರಾತ್ರಿ ತಲೆದಿಂಬು ಎರಡಾಗಿದೆ. ಸಂಜೆ ಕಾಲುಚೀಲ ಬಿಚ್ಚಿದರೆ ಕಣಕಾಲಿನಲ್ಲಿ ಬರೆ. ಒಂದೊಂದಕ್ಕೂ ಒಂದೊಂದು ನೆಪ, ನೆಪಗಳೂ ಅಚ್ಚುಕಟ್ಟು. ಈ ದೇಹವೆಂಬುದು ತನ್ನ ಯಜಮಾನನಿಗೇ ಗೊತ್ತಾಗದಂತೆ ಒಂದೊಂದೇ ಕೋಣೆ ಖಾಲಿ ಮಾಡಿಕೊಂಡು ಬಂದಿತ್ತು. ಇವರು ಸುಳ್ಳು ಹೇಳುತ್ತಿರಲಿಲ್ಲ. ಬಿಟ್ಟದ್ದನ್ನೆಲ್ಲ ಮರೆತು, ಉಳಿದದ್ದರಲ್ಲಿ ಆರಾಮಾಗಿದ್ದರು.

ಮುಂದಿನ ಭೇಟಿಯಲ್ಲಿ ಡಾಕ್ಟರು ‘ಅಮ್ಮಾ, ನೀವು ಹೇಳಿ’ ಎಂದು ನನ್ನ ಕಡೆ ತಿರುಗಿದರು. ನಾನು ಸೊಳ್ಳೆಯಿಂದ ಶುರುಮಾಡಿ ತಲೆದಿಂಬಿನವರೆಗೆ ಹೇಳಿದೆ. ಇವರು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ ಕೂತರು. ಆಟೋದಲ್ಲಿ ಬರುವಾಗ, ‘ಅಷ್ಟೆಲ್ಲ ಬರೆದಿಟ್ಕೊಂಡಿದ್ಯಾ?’ ಎಂದು ಮಾತ್ರ ಕೇಳಿದರು.

ಹೆಂಡತಿಯರು ಮೂಗು ತೂರಿಸುವುದು ಈ ಯಂತ್ರದ ಇತಿಹಾಸದಲ್ಲಿ ಹೊಸದೂ ಅಲ್ಲ. ಮನುಷ್ಯನ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ. ರೋಗಿ ಆರ್ನೆ ಲಾರ್ಸನ್. ಅವರ ಹೆಂಡತಿ ಎಲ್ಸ್‌ಮಾರೀ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ಇಬ್ಬರ ಬೆನ್ನುಬಿದ್ದು, ಇನ್ನೂ ಮನುಷ್ಯರಿಗೆ ಸಿದ್ಧವಾಗಿಲ್ಲ ಎಂದರೂ ಕೇಳದೆ, ಮಾಡಿಸಿಯೇ ಬಿಟ್ಟರು. ಬೂಟ್ ಪಾಲಿಷ್ ಡಬ್ಬಿಯಲ್ಲಿ ಎರಕ ಹೊಯ್ದ ಆ ಯಂತ್ರ ಕೆಲವೇ ಗಂಟೆಯಲ್ಲಿ ಕೆಟ್ಟಿತು. ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡು, ಆ ವೈದ್ಯರೂ ಎಂಜಿನಿಯರೂ ತೀರಿಕೊಂಡ ಮೇಲೂ ಬದುಕಿದ್ದು, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಹೋದರು. ಇದನ್ನು ಓದಿ ಹೇಳಿದರೆ ಇವರು ಹಿಡಿದುಕೊಂಡದ್ದು ಬೂಟ್ ಪಾಲಿಷ್ ಡಬ್ಬಿಯನ್ನು. ‘ಇನ್ಸುಲೇಷನ್ ಹೇಗೆ ಮಾಡಿದ್ರಂತೆ?’

ಕಡೆಗೆ ಬೆಂಗಳೂರಿನಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿದೆವು. ಆಕೆ ಇವರ ಮೊಮ್ಮಗಳ ವಯಸ್ಸಿನವರಂತೆ ಕಂಡರು, ಮಾತು ಮಾತ್ರ ಪಳಗಿದ್ದು. ವಯರು ಹಾಕಿದರೂ ನೂರರಲ್ಲಿ ಸುಮಾರು ಮೂವತ್ತು ಜನಕ್ಕೆ ಹೇಳಿಕೊಳ್ಳುವಂಥ ಗುಣ ಕಾಣುವುದಿಲ್ಲ ಎಂದು ಅವರೇ ಮೊದಲು ಹೇಳಿಬಿಟ್ಟದ್ದರಿಂದ ಇವರಿಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಆಮೇಲೆ ಇನ್ನೊಂದು ದಾರಿ ಹೇಳಿದರು. ಹೃದಯದ ಸ್ವಂತ ಎಳೆಗಳ ನಕ್ಷೆಯನ್ನು ಜರ್ಮನಿಯಲ್ಲಿದ್ದ ಜಪಾನಿನ ಸುನಾವೊ ತವಾರಾ 1906ರಲ್ಲೇ ಬರೆದಿಟ್ಟಿದ್ದಾನೆ. ಇವರದು ತುಂಡಾಗಿರುವುದು ಮೇಲೆ. ಕೆಳಗಿನ ಎಡ ಕವಲು ಚೆನ್ನಾಗಿಯೇ ಇರಬಹುದು. ಹೊಸ ವಯರನ್ನು ಎಡಬಲದ ನಡುವಿನ ಗೋಡೆಯೊಳಗೆ ತಿರುಪಿ ಆ ಕವಲನ್ನೇ ಹಿಡಿದರೆ ಸಂಕೇತ ಹಳೆಯ ದಾರಿಯಲ್ಲೇ ಓಡುತ್ತದೆ. 2017ರಿಂದ ಈಚೆಗೆ ಬಂದ ವಿಧಾನ. ದೀರ್ಘಕಾಲದ ಲೆಕ್ಕ ಇನ್ನೂ ಕೂಡುತ್ತಿದೆ. ಮೊದಲು ಅದನ್ನು ನೋಡುವುದು, ಸಿಗದಿದ್ದರೆ ಹಿಂಬದಿಯ ರಕ್ತನಾಳ. ಅದಕ್ಕೂ ಮುಂಚೆ ಬಣ್ಣದ ಔಷಧ ಬಿಟ್ಟು ವೆನೋಗ್ರಾಂ. ಎರಡು ವಯರು ಆಗಲೇ ಇರುವ ಸಿರೆಯಲ್ಲಿ ಮೂರನೆಯದಕ್ಕೆ ಜಾಗ ಇದೆಯೋ ಇಲ್ಲವೋ ನೋಡಬೇಕಲ್ಲ.

ಇವರ ಕಣ್ಣರಳಿತು. ‘ಅಂದ್ರೆ ಬ್ರೇಕಾಗಿರೋ ಜಾಗ ದಾಟಿ, ಮುಂದಿನ ಲೈನಿಗೆ ಹುಕ್ ಹಾಕ್ತೀರಿ.’

ಡಾಕ್ಟರಿಗೆ ಅರ್ಥವಾಗಲಿಲ್ಲ. ಹಳ್ಳಿಗಳಲ್ಲಿ ರಾತ್ರಿ ತಂತಿಗೆ ಕೊಕ್ಕೆ ಎಸೆದು ಕರೆಂಟು ಕದಿಯುವುದನ್ನೂ, ಇವರು ಸರ್ವಿಸಿನ ಉದ್ದಕ್ಕೂ ಅಂಥವರನ್ನು ಹಿಡಿದು ದಂಡ ಹಾಕಿದ್ದನ್ನೂ ನಾನು ವಿವರಿಸಬೇಕಾಯಿತು. ಆಕೆ ಕನ್ನಡಕ ತೆಗೆದು ನಕ್ಕರು.

‘ಹಾಗಾದ್ರೆ ಒಪ್ಪಿಗೆ ತಾನೇ ಸಾರ್?’

‘ಹಾಕಿ. ಆದ್ರೆ ಹುಕ್ಕಿಗೆ ನಾನು ಪರ್ಮಿಷನ್ ಕೊಡ್ತಿರೋದು ಇದೇ ಮೊದಲು, ಫೈಲಲ್ಲಿ ಬರ್ಕೊಳ್ಳಿ’ ಎಂದು ಇವರು ಪೆನ್ನಿಗೆ ಕೈ ಚಾಚಿದರು. ಆಷಾಢ ಕಳೆಯಲಿ ಎಂದು ನಾದಿನಿ ಫೋನಿನಲ್ಲಿ ಹಟ ಹಿಡಿದಿದ್ದಳು. ಬ್ಯಾಟರಿ ಅಷ್ಟು ದಿನ ತಡೆಯುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ, ತಡೆಯುತ್ತದೆ ಅಂದರು. ಶ್ರಾವಣದ ಮೊದಲ ವಾರಕ್ಕೆ ಬರೆಸಿ ಬಂದಿದ್ದೇವೆ.